ಕಸ ಹೂಳೋ ಮೊದಲು ಊರನ್ನ ಕೇಳಿ

ರಾಜೇಶ್ವರ ನನ್ನ ತಾಯಿಯ ತವರು. ಬೀದರ್ ಜಿಲ್ಲೆ, ಬಸವಕಲ್ಯಾಣ ತಾಲ್ಲೂಕು. ಹುಮನಾಬಾದ್ ದಾಟಿ ಸೊಲ್ಲಾಪುರದ ಕಡೆ ಹೊರಟರೆ ಹೆದ್ದಾರಿ ಮೇಲೇ ಸಿಗುವ ಊರು. ಹಬ್ಬಕ್ಕೆ ಹೋದಾಗ ನನಗೂ ನಮ್ಮ ಸೋದರಮಾವನಿಗೂ ಒಂದು ರೂಢಿ. ಬೆಳಿಗ್ಗೆ ಹೆದ್ದಾರಿ ಪಕ್ಕದ ಹೋಟೆಲ್‌ನಲ್ಲಿ ಕೂತು ಚಹಾ ಕುಡಿಯೋದು, ಹೈದರಾಬಾದ್‌ಗೆ ಹೋಗೋ ಲಾರಿ, ಟ್ಯಾಂಕರ್ ನೋಡ್ತಾ ದೇಶದ ವಿಚಾರ ಮಾತಾಡೋದು.

ಈ ಸಲ ಮಾಮಾ ನೇರ ವಿಷಯಕ್ಕೇ ಬಂದ್ರು.

"ಅಳ್ಯಾ, ಮೊನ್ನೆ ಟಿವಿದಾಗ ನೀ ಅಣು ಕಸದ ಬಗ್ಗೆ ಮಾತಾಡ್ದಿ. ಎಲ್ಲಾ ತಿಳೀತು, ಒಂದು ತಿಳೀಲಿಲ್ಲ. ಆ ಕಸ ಎಲ್ಲಿ ಹೂಳಬೇಕಂತ ಹೇಳೋರು ಯಾರು? ನಾಳಿ ನಮ್ಮ ಹೊಲದಾಗ ಹೂಳ್ತೀವಿ ಅಂದ್ರ ನಮಗ ಕೇಳ್ತಾರೇನು?"

"ಕೇಳ್ತಾರೆ ಮಾಮಾ. ಕಾನೂನಿದೆ. ಸಾರ್ವಜನಿಕ ಆಲಿಕೆ ಸಭೆ ಅಂತ ಮಾಡ್ತಾರೆ."

"ಕೇಳ್ತಾರೋ, ಕೇಳಿಸ್ಕೋತಾರೋ?"

ಇಪ್ಪತ್ತು ವರ್ಷದಿಂದ ದೊಡ್ಡ ದೊಡ್ಡವರಿಗೆ ಪ್ರಶ್ನೆ ಹಾಕ್ತಾ ಬಂದವನು ನಾನು. ಆ ಬೆಂಚಿನ ಮೇಲೆ ಉತ್ತರ ಹೊಳೀಲಿಲ್ಲ. ನಮ್ಮ ಕನ್ನಡದಲ್ಲಿ 'ಕೇಳು' ಅನ್ನೋ ಒಂದೇ ಪದಕ್ಕೆ ಎರಡು ಅರ್ಥ. ಕಿವಿಗೊಟ್ಟು ಆಲಿಸೋದೂ ಕೇಳೋದೇ, ಒಪ್ಪಿಗೆ ಪಡೆಯೋದಕ್ಕೆ ಪ್ರಶ್ನೆ ಮಾಡೋದೂ ಕೇಳೋದೇ. ಈ ಎರಡು ಅರ್ಥದ ನಡುವೆ ಇರುವ ಅಂತರವೇ ಈ ಲೇಖನದ ವಿಷಯ.

ಮೊದಲೇ ಒಂದು ಮಾತು. ರಾಜೇಶ್ವರಕ್ಕೆ ಅಣು ಕಸ ತರ್ತೀವಿ ಅಂತ ಯಾರೂ ಹೇಳಿಲ್ಲ. ಇದನ್ನ ಓದಿ ಯಾರೂ ಗಾಬರಿ ಬೀಳಬೇಡಿ. ಗಾಬರಿ ಹುಟ್ಟಿಸಿದರೆ ಏನಾಗುತ್ತೆ ಅನ್ನೋದು ನನಗೆ ಚೆನ್ನಾಗಿ ಗೊತ್ತು. ಅದನ್ನೂ ಹೇಳ್ತೀನಿ. ಅದಕ್ಕೆ ಮುಂಚೆ ಈ ಕಸ ಅಂದ್ರೆ ಏನು, ನೋಡೋಣ.

ಬಸವಣ್ಣನ ಕಾಲದ ಲೆಕ್ಕ

ಉತ್ತರ ಕನ್ನಡದ ಕೈಗಾದಲ್ಲಿ ತಲಾ 220 ಮೆಗಾವಾಟ್‌ನ 4 ಘಟಕಗಳಿವೆ. ಅಲ್ಲಿ ಉರಿಯುವ ಇಂಧನ ತಯಾರಾಗೋದು ಹೈದರಾಬಾದ್‌ನ ಅಣು ಇಂಧನ ಸಂಕೀರ್ಣದಲ್ಲಿ. ಇಂಧನ ಬಳಸಿ ಮುಗಿದ ಮೇಲೆ ಅದನ್ನ ಹೊರಗೆ ತೆಗೆದು ನೀರಿನ ಕೊಳದಲ್ಲಿ ವರ್ಷಗಟ್ಟಲೆ ತಣಿಸ್ತಾರೆ. ಕೆಲವು ದೇಶಗಳು ಆ ಬಳಸಿದ ಇಂಧನವನ್ನೇ ಕಸ ಅಂತ ಹೂಳೋಕೆ ಹೊರಟಿವೆ. ಭಾರತ ಹಾಗೆ ಮಾಡೋದಿಲ್ಲ. ಬಳಸಿದ ಇಂಧನವನ್ನ ರಾಸಾಯನಿಕವಾಗಿ ಕರಗಿಸಿ, ಅದರಲ್ಲಿ ಉಳಿದ ಯುರೇನಿಯಂ, ಹೊಸದಾಗಿ ಹುಟ್ಟಿದ ಪ್ಲುಟೋನಿಯಂ ಬೇರೆ ಮಾಡಿ ಮತ್ತೆ ಇಂಧನಕ್ಕೆ ಇಟ್ಟುಕೊಳ್ಳುತ್ತೆ. ಇದಕ್ಕೆ ಮರುಸಂಸ್ಕರಣೆ ಅಂತಾರೆ. ಕೊನೆಗೆ ಉಳಿಯೋದು ಸಣ್ಣ ಪಾಲು. ಆದರೆ ವಿಕಿರಣದ ಬಹುಪಾಲು ಇರೋದು ಆ ಸಣ್ಣ ಪಾಲಿನಲ್ಲೇ.

ಆ ದ್ರವವನ್ನ ಕರಗಿದ ಗಾಜಿನ ಜೊತೆ ಬೆರೆಸಿ ಉಕ್ಕಿನ ಡಬ್ಬಿಯಲ್ಲಿ ಗಟ್ಟಿ ಮಾಡ್ತಾರೆ. ಟ್ರಾಂಬೆ, ತಾರಾಪುರ, ಕಲ್ಪಾಕ್ಕಂಗಳಲ್ಲಿ ಈ ಕೆಲಸದ ಘಟಕಗಳಿವೆ. ಗಾಜು ಯಾಕೆ? ಅದು ನೀರಿಗೆ ಸುಲಭಕ್ಕೆ ಕರಗೋದಿಲ್ಲ. ಡಬ್ಬಿಗಳು ಬಿಸಿಯಾಗಿರುತ್ತವೆ. ಹಾಗಾಗಿ ಗಾಳಿ ಆಡುವ ಭದ್ರ ಕೋಣೆಗಳಲ್ಲಿ ದಶಕಗಟ್ಟಲೆ ಕಾವಲಿನಲ್ಲಿ ಇಡಬೇಕು. ಕೈಗವಸು, ಬಟ್ಟೆ, ಫಿಲ್ಟರ್ ಇಂಥ ಕಡಿಮೆ ವಿಕಿರಣದ ಕಸ ಬೇರೆ. ಅದು ಆಯಾ ಸ್ಥಾವರದ ಆವರಣದಲ್ಲೇ ಕಾಂಕ್ರೀಟ್ ತೊಟ್ಟಿಗಳಿಗೆ ಹೋಗುತ್ತೆ. ದೇಶ ದೇಶಗಳು ತಲೆ ಕೆಡಿಸಿಕೊಂಡಿರೋದು ಮೊದಲನೇ ನಮೂನೆಯ ಕಸದ ಬಗ್ಗೆ.

ಎಷ್ಟು ಕಾಲ ಕಾಯಬೇಕು? ಒಂದು ಲೆಕ್ಕ ಹಾಕೋಣ. ಸೀಸಿಯಂ-137 ಅನ್ನೋ ವಸ್ತು ಸುಮಾರು 30 ವರ್ಷಕ್ಕೆ ಅರ್ಧ ಆಗುತ್ತೆ. 300 ವರ್ಷ ಕಾದರೆ ಸಾವಿರದಲ್ಲಿ ಒಂದು ಪಾಲು ಉಳಿಯುತ್ತೆ. ಪ್ಲುಟೋನಿಯಂ-239 ಅರ್ಧ ಆಗೋಕೆ ಸುಮಾರು 24,000 ವರ್ಷ ಬೇಕು. ಕಲ್ಯಾಣದಲ್ಲಿ ಬಸವಣ್ಣನವರು ಇದ್ದದ್ದು 12ನೇ ಶತಮಾನ. ಅಂದರೆ ಸುಮಾರು 850 ವರ್ಷದ ಹಿಂದೆ. ಆವತ್ತು ಯಾರೋ 100 ಕೆ.ಜಿ. ಸೀಸಿಯಂ ಹೂತಿದ್ದರೆ ಇವತ್ತು ಲೆಕ್ಕಕ್ಕೆ ಸಿಗದಷ್ಟು ಉಳಿದಿರ್ತಿತ್ತು. ಅದೇ 100 ಕೆ.ಜಿ. ಪ್ಲುಟೋನಿಯಂ ಹೂತಿದ್ದರೆ ಇವತ್ತಿಗೂ 97 ಕೆ.ಜಿ.ಗಿಂತ ಹೆಚ್ಚು ಹಾಗೇ ಇರ್ತಿತ್ತು. ಮರುಸಂಸ್ಕರಣೆಯಲ್ಲಿ ಪ್ಲುಟೋನಿಯಂ ತೆಗೆದರೂ ಅದರ ಅಲ್ಪ ಅಂಶ, ಅದರಂಥ ದೀರ್ಘಾಯುಷ್ಯದ ಬೇರೆ ವಸ್ತುಗಳು ಕಸದಲ್ಲಿ ಉಳಿದೇ ಉಳಿಯುತ್ತವೆ.

ಕಲ್ಯಾಣ ಚಾಲುಕ್ಯರು ಹೋದರು, ಬಹಮನಿಗಳು ಹೋದರು, ನಿಜಾಮರೂ ಹೋದರು. ಅಷ್ಟು ದೀರ್ಘ ಕಾಲ ಒಂದು ಕಸದ ಡಬ್ಬಿಗೆ ಕಾವಲು ಕೂರೋ ಸರ್ಕಾರ ಯಾವುದಿದೆ? ಅದಕ್ಕೇ ವಿಜ್ಞಾನಿಗಳು ಕಾವಲಿನ ಕೆಲಸವನ್ನ ಬಂಡೆಗೆ ಒಪ್ಪಿಸಿ ಅಂತಾರೆ. ಭೂಮಿಯ ಕೆಳಗೆ ನಾಲ್ಕೈದು ನೂರು ಮೀಟರ್ ಅಥವಾ ಇನ್ನೂ ಆಳದಲ್ಲಿ, ಗಟ್ಟಿ ಬಂಡೆಯಲ್ಲಿ ಸುರಂಗ ಕೊರೆದು, ಡಬ್ಬಿ ಇಟ್ಟು, ಸುತ್ತ ಬೆಂಟೋನೈಟ್ ಎಂಬ ಜೇಡಿ ಮಣ್ಣು ತುಂಬಿ ಮುಚ್ಚೋದು. ಇದಕ್ಕೆ ಆಳದ ಭೂಗರ್ಭ ಭಂಡಾರ ಅಂತಾರೆ.

ಈ ಭಂಡಾರದ ಮೊದಲ ಶತ್ರು ನೀರು. ಅದು ನಮ್ಮ ಬೀದರ್‌ನವರಿಗೆ ಪಾಠ ಹೇಳಿ ತಿಳಿಸಬೇಕಾದ ವಿಷಯವಲ್ಲ. ಬೀದರ್ ಪಕ್ಕದ ನೌಬಾದ್‌ನಲ್ಲಿ ಬಹಮನಿ ಕಾಲದ ಸುರಂಗ ಬಾವಿ ಇದೆ. ಜಂಬಿಟ್ಟಿಗೆ ಕಲ್ಲಿನೊಳಗೆ ಜಿನುಗೋ ನೀರನ್ನ ಹಿಡಿದು, ನೆಲದ ಕೆಳಗೇ ಕಾಲುವೆ ಮಾಡಿ ಊರಿಗೆ ಹರಿಸಿದ ಜಾಣತನ ಅದು. ಮೇಲೆ ನೋಡಿದರೆ ಒಣ ಕಲ್ಲು, ಒಳಗೆ ಹರಿಯೋ ನೀರು. ಇವತ್ತು ಇಲ್ಲಿ ಇಳಿದ ನೀರು ನಾಳೆ ಎಲ್ಲಿ ಏಳುತ್ತೆ? ಜಾಗ ಹುಡುಕೋ ಭೂವಿಜ್ಞಾನಿ ವರ್ಷಗಟ್ಟಲೆ ಹುಡುಕೋದು ಈ ಒಂದು ಉತ್ತರವನ್ನ.

ಇಷ್ಟು ವಿಜ್ಞಾನದ ಮಾತು. ಇದಕ್ಕೆ ಉತ್ತರ ಕಷ್ಟ ಆದರೂ ಇದೆ. ಆದರೆ ಜಗತ್ತಿನಲ್ಲಿ ಇಂಥ ಯೋಜನೆಗಳು ಬಿದ್ದದ್ದಕ್ಕೆ ಬಂಡೆಯ ಬಿರುಕಿಗಿಂತ ಬೇರೆ ಕಾರಣವೂ ಇದೆ. ಅದನ್ನ ನೋಡೋಕೆ ಬೀದರ್‌ನಿಂದ ರಾಜ್ಯದ ಇನ್ನೊಂದು ತುದಿಗೆ, ಕೋಲಾರಕ್ಕೆ ಹೋಗಬೇಕು.

ಕೆಜಿಎಫ್: ಒಂದು ವಾಕ್ಯ ಎಬ್ಬಿಸಿದ ಬೆಂಕಿ

2012ರ ನವೆಂಬರ್. ತಮಿಳುನಾಡಿನ ಕೂಡಂಕುಳಂ ಅಣು ಸ್ಥಾವರದ ವಿರುದ್ಧದ ಅರ್ಜಿ ಸುಪ್ರೀಂ ಕೋರ್ಟ್ ಮುಂದಿತ್ತು. ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ದೀಪಕ್ ಮಿಶ್ರಾ ಅವರ ಪೀಠ. ಸ್ಥಾವರದ ಕಸವನ್ನ ಕೊನೆಗೆ ಎಲ್ಲಿ ಇಡ್ತೀರಿ ಅನ್ನೋ ಪ್ರಶ್ನೆ ಬಂತು. ಅಣು ವಿದ್ಯುತ್ ನಿಗಮದ ಕಡೆಯಿಂದ ಬಂದ ಉತ್ತರದಲ್ಲಿ ಕೋಲಾರದ ಚಿನ್ನದ ಗಣಿಯ ಹೆಸರು ಇತ್ತು.

ಮುಗೀತು. ಮಾರನೇ ದಿನ ಕೋಲಾರ ಜಿಲ್ಲೆ ಹೊತ್ತಿಕೊಳ್ತು.

ಯಾಕೆ ಅಂತ ತಿಳಿಯೋಕೆ ಕೆಜಿಎಫ್ ಅಂದ್ರೆ ಏನು ಅಂತ ಗೊತ್ತಿರಬೇಕು. 1880ರಿಂದ ಜಾನ್ ಟೇಲರ್ ಕಂಪನಿ ಅಗೆದ ಗಣಿ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗೂ ಹೆಚ್ಚು ಆಳ. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ಚಿನ್ನ ಹೋದ ಮೇಲೆ ಊರಿಗೆ ಉಳಿದದ್ದು ಕೆಲಸ ಕಳೆದುಕೊಂಡ ಮನೆಗಳು, ನೀರು ತುಂಬಿದ ಗಣಿಗಳು, ಗಾಳಿ ಬೀಸಿದರೆ ಕಣ್ಣಿಗೆ ಮೂಗಿಗೆ ದೂಳು ತುಂಬುವ ಸೈನೈಡ್ ಗುಡ್ಡಗಳು. ಚಿನ್ನ ಬೇರೆಯವರಿಗೆ ಹೋಯ್ತು, ಮಣ್ಣು ನಮಗೆ ಉಳೀತು, ಈಗ ವಿಷವನ್ನೂ ತಂದು ಹಾಕ್ತಾರಾ? ಅವರ ಸಿಟ್ಟಿಗೆ ಅರ್ಥ ಇತ್ತು. ಜನ ಬೀದಿಗಿಳಿದರು. ಆಗ ಜಗದೀಶ ಶೆಟ್ಟರ್ ಮುಖ್ಯಮಂತ್ರಿ. ರಾಜ್ಯ ಸರ್ಕಾರವೂ ಒಪ್ಪೋದಿಲ್ಲ ಅಂತು. ಕೆಲವೇ ದಿನದಲ್ಲಿ ದೆಹಲಿಯಿಂದ ಸ್ಪಷ್ಟೀಕರಣ ಬಂತು. ಕೋಲಾರದಲ್ಲಿ ಕಸ ಹೂಳುವ ಯೋಜನೆ ಇಲ್ಲ, ಅಲ್ಲಿ ಹಿಂದೆ ನಡೆದದ್ದು ಸಂಶೋಧನೆ ಮಾತ್ರ ಅಂತ.

ಸಂಶೋಧನೆ ನಡೆದದ್ದು ನಿಜ. 1980ರ ದಶಕದಲ್ಲಿ ಅಣು ವಿಜ್ಞಾನಿಗಳು ಕೋಲಾರದ ಗಣಿಯಲ್ಲಿ ಸುಮಾರು 1000 ಮೀಟರ್ ಆಳದ ಒಂದು ಕೋಣೆಯಲ್ಲಿ ವಿದ್ಯುತ್ ಹೀಟರ್‌ಗಳನ್ನ ಇಟ್ಟು, ಬಿಸಿಗೆ ಬಂಡೆ ಹೇಗೆ ವರ್ತಿಸುತ್ತೆ ಅಂತ ವರ್ಷಗಟ್ಟಲೆ ಅಳೆದರು. ಅಣು ಕಸದ ಡಬ್ಬಿ ಕೊಡುವ ಶಾಖವನ್ನ ಹೀಟರ್ ಕೊಡ್ತಿತ್ತು, ಅಷ್ಟೇ. ವಿಕಿರಣ ಇರಲಿಲ್ಲ. ಇದೇ ಗಣಿಯ ಆಳದಲ್ಲಿ 1965ರಲ್ಲಿ ನಮ್ಮ ವಿಜ್ಞಾನಿಗಳು, ಜಪಾನ್ ಮತ್ತು ಬ್ರಿಟನ್ ವಿಜ್ಞಾನಿಗಳ ಜೊತೆ ಸೇರಿ, ಆಕಾಶದಿಂದ ಬರುವ ನ್ಯೂಟ್ರಿನೋ ಕಣಗಳನ್ನ ಪತ್ತೆ ಹಚ್ಚಿದ್ದರು. ಜಗತ್ತೇ ತಿರುಗಿ ನೋಡಿದ ಕೆಲಸ ಅದು.

ಈಗ ನನ್ನ ತಪ್ಪೊಪ್ಪಿಗೆ. ಆ ದಿನ ನಾನು ಬೇರೊಂದು ಚಾನೆಲ್‌ನಲ್ಲಿದ್ದೆ. ಸಂಜೆ ಬುಲೆಟಿನ್ ನನ್ನದೇ. ತೆರೆ ಮೇಲೆ ಕೆಂಪು ಪಟ್ಟಿ, ಹಿಂದೆ ಬಾಂಬ್ ಸ್ಫೋಟದ ಚಿತ್ರ, ಎದೆ ಹೊಡೆದುಕೊಳ್ಳೋ ಸಂಗೀತ. 'ಕೋಲಾರಕ್ಕೆ ಸಾವಿನ ಕಸ' ಅಂತ ಶೀರ್ಷಿಕೆ. ಹೀಟರ್ ಪ್ರಯೋಗದ ವಿಷಯ ನನ್ನ ಕೈಯಲ್ಲಿದ್ದ ಹಾಳೆಯಲ್ಲಿ ಇತ್ತು. ನಾನು ಓದಲಿಲ್ಲ. ಸಮಯ ಇಲ್ಲ ಅಂದ್ರು, ನಾನೂ ಸುಮ್ಮನಾದೆ. ಆ ರಾತ್ರಿ ಕೆಜಿಎಫ್‌ನಿಂದ ಒಬ್ಬ ತಾಯಿ ಫೋನ್ ಮಾಡಿ, "ಸಾರ್, ಮಗಳ ಬಾಣಂತನ ಇಲ್ಲಿ ಮಾಡೋದಾ, ಬೇರೆ ಊರಿಗೆ ಕಳಿಸೋದಾ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಳೆಯಲ್ಲಿ ಇತ್ತು.

ಸರ್ಕಾರ ಜನರನ್ನ ಕೇಳಲಿಲ್ಲ, ಅದು ಅವರ ತಪ್ಪು. ಜನಕ್ಕೆ ಅರ್ಥ ಮಾಡಿಸಬೇಕಾದ ನಾವು ಕಿರುಚಿದ್ವಿ, ಅದು ನಮ್ಮ ತಪ್ಪು. ಇವೆರಡೂ ಸೇರಿದರೆ ಊರಿಗೆ ಉಳಿಯೋದು ಭಯ ಒಂದೇ. ಸ್ಪಷ್ಟೀಕರಣ ಬಂದ ಮೇಲೂ ಕೆಜಿಎಫ್‌ನಲ್ಲಿ ಅದನ್ನ ನಂಬದವರು ಇದ್ದರು. ನ್ಯಾಯಾಲಯದಲ್ಲಿ ಹೇಳಿದ ಮಾತನ್ನ ಮೊದಲು ಊರಿಗೆ ಬಂದು ಹೇಳಿದ್ದರೆ?

ಆಲಿಕೆ ಸಭೆಯಲ್ಲಿ ಏನು ನಡೆಯುತ್ತೆ?

ಕೋಲಾರದ ಗಲಾಟೆ ತಣ್ಣಗಾಯ್ತು. ಪ್ರಶ್ನೆ ತಣ್ಣಗಾಗಲಿಲ್ಲ. 2013ರ ಮೇ 6ರಂದು ಸುಪ್ರೀಂ ಕೋರ್ಟ್ ಕೂಡಂಕುಳಂ ಸ್ಥಾವರ ನಡೆಯಲಿ ಅಂತ ತೀರ್ಪು ಕೊಟ್ಟಿತು. ಜೊತೆಗೇ, ಬಳಸಿದ ಇಂಧನವನ್ನ ಸ್ಥಾವರದಲ್ಲೇ ಬಹಳ ಕಾಲ ಇಡೋದು ಅಪಾಯ, ಆದಷ್ಟು ಬೇಗ ಆಳದ ಭಂಡಾರ ಆಗಬೇಕು ಅಂತಲೂ ಹೇಳಿತು. ಕೇಂದ್ರ ಸರ್ಕಾರದ ವಾದ ಬೇರೆ. ನಮ್ಮಲ್ಲಿ ಮರುಸಂಸ್ಕರಣೆ ಆಗೋದರಿಂದ ಕಸ ಕಡಿಮೆ, ಭಂಡಾರದ ತುರ್ತು ಸದ್ಯಕ್ಕಿಲ್ಲ ಅನ್ನೋದು.

ಹಾಗಾದರೆ ಜಾಗ ಆರಿಸೋ ದಿನ ಬಂದಾಗ ಊರಿನವರಿಗೆ ಕಾನೂನು ಏನು ಕೊಡುತ್ತೆ? 2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆ ಇದೆ. ಅದರ ಪ್ರಕಾರ ದೊಡ್ಡ ಯೋಜನೆಗಳಿಗೆ ಸ್ಥಳದಲ್ಲೇ ಸಾರ್ವಜನಿಕ ಆಲಿಕೆ ಸಭೆ ಆಗಬೇಕು. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ನಡೆಸಬೇಕು. ಕನಿಷ್ಠ 30 ದಿನ ಮುಂಚೆ ಒಂದು ರಾಷ್ಟ್ರೀಯ ಪತ್ರಿಕೆ, ಒಂದು ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು. ಇಡೀ ಸಭೆಯ ವಿಡಿಯೊ ಆಗಬೇಕು. ಕೊನೆಗೆ ನಡಾವಳಿಯನ್ನ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ಒಳ್ಳೆಯ ನಿಯಮಗಳೇ, ಒಪ್ಪೋಣ.

ಕೊರತೆ ಎಲ್ಲಿ? ಮೂರು ಕಡೆ.

ಒಂದು, ಈ ಸಭೆ ಬರೋ ಹೊತ್ತಿಗೆ ಜಾಗ ಆರಿಸಿ ಆಗಿರುತ್ತೆ. ನಿಮ್ಮ ಊರೇ ಯಾಕೆ, ಬೇರೆ ಯಾವ್ಯಾವ ಜಾಗ ನೋಡಿದ್ರಿ ಅನ್ನೋ ಪ್ರಶ್ನೆಗೆ ಅಲ್ಲಿ ಅವಕಾಶ ಕಡಿಮೆ. ಎರಡು, ಸಭೆಯಲ್ಲಿ ಮತದಾನ ಇಲ್ಲ. ಇಷ್ಟೇ ಜನ ಬರಬೇಕು ಅನ್ನೋ ಕೋರಂ ಕೂಡ ಇಲ್ಲ. ಸಾವಿರ ಜನ ಬೇಡ ಅಂದರೂ ಅದು ನಡಾವಳಿಯಲ್ಲಿ ದಾಖಲಾಗುತ್ತೆ, ತೀರ್ಮಾನ ಆಗೋದು ದೆಹಲಿಯ ತಜ್ಞರ ಸಮಿತಿ ಮತ್ತು ಸಚಿವಾಲಯದಲ್ಲಿ. ಮೂರು, ರಕ್ಷಣೆ, ಭದ್ರತೆ ಅಥವಾ ದೇಶದ ವ್ಯೂಹಾತ್ಮಕ ಹಿತ ಅಂತ ಹೇಳಿದರೆ ಸಭೆಯನ್ನೇ ಕೈಬಿಡೋಕೆ ಅದೇ ಅಧಿಸೂಚನೆಯಲ್ಲಿ ದಾರಿ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಅಣು ಖನಿಜಗಳ ಗಣಿಗಾರಿಕೆಗೆ ಸಾರ್ವಜನಿಕ ಆಲಿಕೆ ಬೇಕಿಲ್ಲ ಅಂತ ಹೇಳಿತು. ನಮ್ಮ ಕಲ್ಯಾಣ ಕರ್ನಾಟಕದವರು ಇದನ್ನ ಗಮನಿಸಬೇಕು. ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ಇದೆ.

ಇನ್ನು ಭೂಮಿ ಕಾಯ್ದೆ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಖಾಸಗಿ ಕಂಪನಿಗೆ ಜಮೀನು ಬೇಕಾದರೆ 80% ಜಮೀನುದಾರರ ಒಪ್ಪಿಗೆ ಬೇಕು, ಸರ್ಕಾರ-ಖಾಸಗಿ ಜಂಟಿ ಯೋಜನೆಗೆ 70%. ಸರ್ಕಾರದ ಸ್ವಂತ ಯೋಜನೆಗೆ? ಒಪ್ಪಿಗೆಯ ಷರತ್ತೇ ಇಲ್ಲ.

ಕೈಗಾದಲ್ಲಿ ತಲಾ 700 ಮೆಗಾವಾಟ್‌ನ 5 ಮತ್ತು 6ನೇ ಘಟಕಗಳಿಗಾಗಿ 2018ರ ಡಿಸೆಂಬರ್ 15ರಂದು ಮಲ್ಲಾಪುರದಲ್ಲಿ ಸಭೆ ಆಯ್ತು. ವಿರೋಧದ ದನಿ ಜೋರಾಗಿಯೇ ಕೇಳಿತು. ಮಾರನೇ ವರ್ಷ ಪರಿಸರ ಅನುಮತಿಯೂ ಸಿಕ್ಕಿತು. ಯೋಜನೆ ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಸಭೆಯಲ್ಲಿ ಮಾತಾಡಿದವರಿಗೆ ತಮ್ಮ ಯಾವ ಮಾತಿನಿಂದ ಏನು ಬದಲಾಯ್ತು ಅಂತ ಗೊತ್ತಾಗಬೇಕಲ್ಲ?

2019ರಲ್ಲಿ ಕೂಡಂಕುಳಂನಲ್ಲಿ ಬಳಸಿದ ಇಂಧನ ಇಡೋ ಸಂಗ್ರಹಾಗಾರಕ್ಕೆ ಜುಲೈ 10ರಂದು ಆಲಿಕೆ ಸಭೆ ಅಂತ ಪ್ರಕಟಣೆ ಬಂತು. ವಿರೋಧ ಜೋರಾದಾಗ ಸಭೆಯನ್ನೇ ಮುಂದೂಡಿದರು. ನಮ್ಮ ದೇಶದಲ್ಲಿ ಅಣು ಕಸದ ಸಂಗ್ರಹಕ್ಕೆ ಜನರನ್ನ ನೇರವಾಗಿ ಕೇಳೋ ಒಂದು ಸಂದರ್ಭ ಹತ್ತಿರ ಬಂದು, ಹಾಗೇ ಹೋಯ್ತು.

ನಮ್ಮ ಮಾಮಾ 'ಕೇಳ್ತಾರೋ, ಕೇಳಿಸ್ಕೋತಾರೋ' ಅಂದದ್ದು ಸುಮ್ಮನೆ ಅಲ್ಲ. ಕೆಲವು ವರ್ಷದ ಹಿಂದೆ ಒಂದು ಕಾರ್ಖಾನೆಯ ವಿಸ್ತರಣೆಗೆ ಇಂಥದ್ದೇ ಸಭೆಗೆ ಹೋಗಿದ್ದರಂತೆ. ಪ್ರಕಟಣೆ ಯಾವ ಪೇಪರ್‌ನಲ್ಲಿ ಬಂತೋ ಊರಲ್ಲಿ ಯಾರಿಗೂ ಗೊತ್ತಿಲ್ಲ. ಜೀಪ್ ಬಂತು, ಹತ್ತಿಸಿಕೊಂಡು ಹೋಯ್ತು. ಪೆಂಡಾಲ್, ಕುರ್ಚಿ, ಊಟದ ಪೊಟ್ಟಣ. ಬಾಗಿಲಲ್ಲಿ ಒಂದು ರಿಜಿಸ್ಟರ್, ಎಲ್ಲರೂ ಸಹಿ ಮಾಡಿದರು. ವೇದಿಕೆ ಮೇಲೆ ಒಬ್ಬರು ಇಂಗ್ಲಿಷ್ ಅಕ್ಷರದ ಚಿತ್ರಗಳನ್ನ ಪರದೆ ಮೇಲೆ ತೋರಿಸಿ ಅರ್ಧ ಗಂಟೆ ಮಾತಾಡಿದರು. ಮಾಮಾ ಎದ್ದು, "ಹೊಲಸು ನೀರು ಎಲ್ಲಿಗಿ ಬಿಡ್ತೀರಿ?" ಅಂತ ಕೇಳಿದರು. ಬರಕೊಂಡಿದ್ದೀವಿ ಅಂದ್ರು. "ಬರಕೊಂಡಿದ್ದು ಎಲ್ಲದ ಅಂತ ಇವತ್ತಿಗೂ ಹುಡುಕ್ಲಿಕತ್ತೀನಿ. ಮುಂದ ನಮ್ಮ ಬಾವಿ ನೀರು ವಾಸನಿ ಬಂತು. ಹೋಗಿ ಕೇಳಿದ್ರ, ಆವತ್ತು ನೀವೂ ಬಂದಿದ್ರಲ್ಲ, ಸಹಿ ಅದ ಅಂದ್ರು" ಅಂತಾರೆ ಮಾಮಾ. ಹಾಜರಿಗೆ ಮಾಡಿದ ಸಹಿ ಒಪ್ಪಿಗೆಯ ಸಹಿ ಆಗಿಬಿಟ್ಟಿತ್ತು!

ಬೇರೆ ದೇಶಗಳು ಪೆಟ್ಟು ತಿಂದು ಕಲಿತದ್ದು

ಈ ತಪ್ಪು ನಾವೊಬ್ಬರೇ ಮಾಡಿದ್ದಲ್ಲ. ಶ್ರೀಮಂತ ದೇಶಗಳೂ ಮಾಡಿವೆ. ಅಮೆರಿಕದಲ್ಲಿ ಮೂರು ಜಾಗ ಪಟ್ಟಿಯಲ್ಲಿದ್ದವು. ಅದರಲ್ಲಿ ಒಂದು, ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡ್, ನಮ್ಮ ದಖ್ಖನ್‌ನಂತೆ ಕಪ್ಪು ಬಸಾಲ್ಟ್ ಕಲ್ಲಿನ ನಾಡು. 1987ರಲ್ಲಿ ಅಲ್ಲಿನ ಸಂಸತ್ತು ಇನ್ನೆರಡನ್ನ ಪಟ್ಟಿಯಿಂದ ತೆಗೆದು ನೆವಾಡಾದ ಯುಕ್ಕಾ ಬೆಟ್ಟ ಒಂದನ್ನೇ ಉಳಿಸಿತು. ನೆವಾಡಾದಲ್ಲಿ ಒಂದೂ ಅಣು ವಿದ್ಯುತ್ ಸ್ಥಾವರ ಇಲ್ಲ. ಕರೆಂಟ್ ನಿಮಗೆ, ಕಸ ನಮಗಾ ಅಂತ ಅವರೂ ಕೇಳಿದರು, ಪಕ್ಕಾ ನಮ್ಮ ಕೆಜಿಎಫ್‌ನವರ ಹಾಗೆ. ಸಾವಿರ ಕೋಟಿ ಡಾಲರ್‌ಗೂ ಹೆಚ್ಚು ಖರ್ಚಾದ ಮೇಲೆ 2010ರ ಸುಮಾರಿಗೆ ಯೋಜನೆ ನಿಂತುಹೋಯ್ತು.

ಜರ್ಮನಿ 1977ರಲ್ಲಿ ಗೋರ್ಲೆಬೆನ್ ಅನ್ನೋ ಹಳ್ಳಿಯನ್ನ ಮೇಲಿನಿಂದ ಗುರುತು ಮಾಡಿತು. ನಾಲ್ಕು ದಶಕ ರೈತರು ಟ್ರ್ಯಾಕ್ಟರ್ ಅಡ್ಡ ಹಾಕಿದರು. 2020ರಲ್ಲಿ ಆ ಜಾಗ ಪಟ್ಟಿಯಿಂದ ಹೊರಗೆ ಬಿತ್ತು. ಈಗ ಅಲ್ಲಿ ಹೊಸ ಕಾನೂನಿನ ಪ್ರಕಾರ ಇಡೀ ದೇಶದ ಖಾಲಿ ನಕ್ಷೆಯಿಂದ ಮೊದಲಿನಿಂದ ಹುಡುಕಾಟ.

ಇನ್ನೊಂದು ಕಡೆ ನೋಡಿ. ಫಿನ್‌ಲೆಂಡ್‌ನ 1987ರ ಕಾನೂನು, ಇಂಥ ಭಂಡಾರಕ್ಕೆ ಆ ಊರಿನ ಪುರಸಭೆ ಬೇಡ ಅಂದರೆ ಬೇಡ ಅನ್ನುತ್ತೆ. ನಾಲ್ಕು ಊರು ಪರೀಕ್ಷೆ ಮಾಡಿದರು. ಯೂರಯೋಕಿ ಅನ್ನೋ ಊರಿನ ಸಭೆ 2000ದಲ್ಲಿ ಒಪ್ಪಿತು, ಆಮೇಲೆ 2001ರಲ್ಲಿ ಸಂಸತ್ತು. ಅಲ್ಲೀಗ ಸುಮಾರು 430 ಮೀಟರ್ ಆಳದಲ್ಲಿ ಒಂಕಾಲೊ ಭಂಡಾರ ಎದ್ದಿದೆ. ಊರಿನ ಮಾತು ಮೊದಲು, ಸಂಸತ್ತಿನ ಮಾತು ಆಮೇಲೆ.

ಸ್ವೀಡನ್‌ನಲ್ಲಿ ಎರಡು ಊರುಗಳು ಜನಮತ ತೆಗೆದು ಬೇಡ ಅಂದವು. 1995ರಲ್ಲಿ ಸ್ಟೂರುಮನ್, 1997ರಲ್ಲಿ ಮಾಲೋ. ಕಂಪನಿ ಜಗಳ ಮಾಡದೆ ಅಲ್ಲಿಂದ ಹೊರಟಿತು. ಮುಂದೆ ಓಸ್ಟ್‌ಹಮ್ಮರ್ ಅನ್ನೋ ಊರಿನಲ್ಲಿ ವರ್ಷಗಟ್ಟಲೆ ಚರ್ಚೆ. ಸ್ಥಳೀಯ ಸಂಸ್ಥೆ ತನ್ನದೇ ತಜ್ಞರನ್ನ ಇಟ್ಟುಕೊಂಡು ಪ್ರಶ್ನೆ ಕೇಳೋಕೆ ಅಣು ಕಸದ ನಿಧಿಯಿಂದಲೇ ದುಡ್ಡು ಸಿಗ್ತಿತ್ತು. 2020ರ ಅಕ್ಟೋಬರ್‌ನಲ್ಲಿ ಅಲ್ಲಿನ ಸಭೆ ಬಹುಮತದಿಂದ ಒಪ್ಪಿತು, 2022ರ ಜನವರಿಯಲ್ಲಿ ಸರ್ಕಾರ ಅನುಮತಿ ಕೊಟ್ಟಿತು.

ಕೆನಡಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. 2010ರಲ್ಲಿ 'ಯಾರಿಗೆ ಆಸಕ್ತಿ ಇದೆ ಹೇಳಿ' ಅಂತ ಕೇಳಿತು. 22 ಸಮುದಾಯಗಳು ಮುಂದೆ ಬಂದವು. ಯಾವಾಗ ಬೇಕಾದರೂ ಹಿಂದೆ ಸರಿಯೋ ಹಕ್ಕು ಇತ್ತು. 2024ರ ನವೆಂಬರ್‌ನಲ್ಲಿ ಒಂಟಾರಿಯೊದ ಇಗ್ನೇಸ್ ಪಟ್ಟಣ ಮತ್ತು ವಾಬಿಗೂನ್ ಲೇಕ್ ಒಜಿಬ್ವೆ ಮೂಲನಿವಾಸಿಗಳು ಒಪ್ಪಿದ ಜಾಗ ಆಯ್ಕೆ ಆಯ್ತು. 14 ವರ್ಷ ಹಿಡೀತು. ನಿಧಾನ ಅನಿಸ್ತಾ? ಜರ್ಮನಿಯ 43 ವರ್ಷದ ಜೊತೆ ಹೋಲಿಸಿ.

ಕೇಳಿದರೆ ಎಲ್ಲರೂ ಹೌದು ಅಂತಾರೆ ಅಂತ ನಾನು ಹೇಳ್ತಿಲ್ಲ. ಬ್ರಿಟನ್‌ನ ಕಂಬ್ರಿಯಾದಲ್ಲಿ 2013ರ ಜನವರಿಯಲ್ಲಿ ಎರಡು ತಾಲ್ಲೂಕು ಮಟ್ಟದ ಸಭೆಗಳು ಹೌದು ಅಂದವು, ಜಿಲ್ಲಾ ಮಟ್ಟದ ಸಭೆ ಬೇಡ ಅಂತು. ಪ್ರಕ್ರಿಯೆ ಅಲ್ಲಿಗೇ ನಿಂತಿತು. ಬೇಡ ಅನ್ನೋ ಹಕ್ಕು ನಿಜವಾದದ್ದು ಅಂದ್ರೆ ಹೀಗಿರುತ್ತೆ.

ನಮ್ಮಲ್ಲಿ ಆಗೋದಿಲ್ಲವಾ?

ಇಲ್ಲೊಂದು ಆಕ್ಷೇಪ ಇದೆ, ಅದಕ್ಕೆ ಉತ್ತರ ಕೊಡಲೇಬೇಕು. ಅಧಿಕಾರಿಗಳು ನನಗೆ ಕ್ಯಾಮೆರಾ ಆಫ್ ಆದ ಮೇಲೆ ಹೇಳೋ ಮಾತು ಇದು: "ಸಾರ್, ಕೇಳ್ತಾ ಕೂತರೆ ಯಾವ ಊರೂ ಒಪ್ಪೋದಿಲ್ಲ. ಕಸ ಎಲ್ಲಾದರೂ ಇಡಲೇಬೇಕಲ್ಲ? ದೇಶದ ಪ್ರಶ್ನೆ."

ಮಾತಿನಲ್ಲಿ ಅರ್ಧ ಸತ್ಯ ಇದೆ. ಕಸ ಈಗಾಗಲೇ ಇದೆ. ಅಣು ವಿದ್ಯುತ್ ಬೇಡ ಅನ್ನುವವರೂ ಆ ಗಾಜಿನ ಡಬ್ಬಿಗಳನ್ನ ಮಾಯ ಮಾಡೋಕಾಗೋದಿಲ್ಲ. ಎಲ್ಲರೂ ಬೇಡ ಅಂದರೆ ಅವು ಈಗಿರೋ ಊರುಗಳಲ್ಲೇ, ನೆಲದ ಮೇಲೇ ಉಳಿಯುತ್ತವೆ. ಅದೂ ಒಂದು ಆಯ್ಕೆಯೇ, ಅದನ್ನೂ ಆ ಊರಿನವರನ್ನ ಕೇಳದೆ ಮಾಡಿದ ಆಯ್ಕೆ.

ಆದರೆ ಯಾವ ಊರೂ ಒಪ್ಪೋದಿಲ್ಲ ಅನ್ನೋದು ಸುಳ್ಳು ಅಂತ ಯೂರಯೋಕಿ, ಓಸ್ಟ್‌ಹಮ್ಮರ್, ಇಗ್ನೇಸ್ ತೋರಿಸಿವೆ. ಅದು ಅಲ್ಲಿ, ಇಲ್ಲಿ ಆಗೋದಿಲ್ಲ ಅಂತೀರಾ? ಊರಿನ ಸಭೆಗೆ ಕೊನೇ ಮಾತು ಕೊಟ್ಟ ಉದಾಹರಣೆ ನಮ್ಮಲ್ಲೂ ಇದೆ. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ಗಣಿ ಬೇಕಾ ಬೇಡವಾ ಅನ್ನೋದನ್ನ ಗ್ರಾಮಸಭೆಗಳು ಹೇಳಲಿ ಅಂತ 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್ ಹೇಳಿತು. ಡೋಂಗ್ರಿಯಾ ಕೊಂಧ್ ಆದಿವಾಸಿಗಳ 12 ಹಳ್ಳಿಗಳಲ್ಲಿ ಸಭೆ ಆಯ್ತು. ಹನ್ನೆರಡೂ ಬೇಡ ಅಂದವು. 2014ರ ಜನವರಿಯಲ್ಲಿ ಕೇಂದ್ರ ಅನುಮತಿ ನಿರಾಕರಿಸಿತು. ಆ ತೀರ್ಪಿನ ಪೀಠದಲ್ಲೂ ನ್ಯಾಯಮೂರ್ತಿ ರಾಧಾಕೃಷ್ಣನ್ ಇದ್ದರು. ಕೂಡಂಕುಳಂ ತೀರ್ಪು ಬಂದದ್ದು ಅದಾದ ಮೂರು ವಾರಕ್ಕೆ. ಒಂದೇ ಬೇಸಿಗೆ, ಒಬ್ಬರೇ ನ್ಯಾಯಮೂರ್ತಿ. ಒಂದು ಕಡೆ ಗ್ರಾಮಸಭೆಗೆ ಕೊನೇ ಮಾತು ಇತ್ತು, ಇನ್ನೊಂದು ಕಡೆ ಇರಲಿಲ್ಲ. ವ್ಯತ್ಯಾಸ ಕಾನೂನಿನಲ್ಲಿದೆ. ನಿಯಮಗಿರಿಗೆ ಅರಣ್ಯ ಹಕ್ಕು ಕಾಯ್ದೆಯ ಬೆಂಬಲ ಇತ್ತು. ರಾಜೇಶ್ವರದ ತೊಗರಿ ಹೊಲಕ್ಕೆ ಅಂಥ ಕಾಯ್ದೆ ಇಲ್ಲ.

ಹಾಗಾದರೆ ಏನು ಬೇಕು? ಜಾಗ ಗೊತ್ತು ಮಾಡೋ ಮುಂಚೆಯೇ ಮಾತುಕತೆ. ಒಂದೇ ಊರಲ್ಲ, ಹಲವು ಊರುಗಳ ಪಟ್ಟಿ ಬಹಿರಂಗ. ವರದಿ ಪೂರ್ತಿ ಕನ್ನಡದಲ್ಲಿ, ಬರೀ ಸಾರಾಂಶ ಅಲ್ಲ. ಊರಿನವರು ತಾವೇ ಆರಿಸಿದ ತಜ್ಞರಿಂದ ಪರೀಕ್ಷೆ ಮಾಡಿಸೋಕೆ ಹಣ. ಗ್ರಾಮಸಭೆಯಲ್ಲಿ ಮತ. ಕೊನೇ ಸಹಿ ಆಗೋವರೆಗೂ ಹಿಂದೆ ಸರಿಯೋ ಹಕ್ಕು. ಒಪ್ಪಿದ ಊರಿಗೆ ಲಾಭದಲ್ಲಿ ಪಾಲು, ಅದೂ ಬರಹದಲ್ಲಿ. ಭಂಡಾರದ ತುರ್ತು ಇಲ್ಲ ಅಂತ ಸರ್ಕಾರವೇ ಹೇಳ್ತಿದೆ. ಹಾಗಾದರೆ ಇಂಥ ಕಾನೂನು ಮಾಡೋಕೆ ಇದಕ್ಕಿಂತ ಒಳ್ಳೆ ಸಮಯ ಯಾವುದು? ತುರ್ತು ಬಂದ ದಿನ ಯಾರೂ ಕೇಳೋದಿಲ್ಲ, ಕೇಳಿಸಿಕೊಳ್ಳೋದೂ ಇಲ್ಲ.

ರಾಜೇಶ್ವರದಿಂದ ಬಸವಕಲ್ಯಾಣ ಹತ್ತಿರವೇ. ಅಲ್ಲಿ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಹಳೇ ಮಂಟಪದ ವಿಶೇಷ ಏನಿತ್ತು ಅಂತ ನಮಗೆಲ್ಲ ಶಾಲೆಯಲ್ಲೇ ಹೇಳಿದ್ದಾರೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಆಯ್ದಕ್ಕಿ ಲಕ್ಕಮ್ಮ ಅಲ್ಲಿ ಕೂತದ್ದು ಹಾಜರಿ ಹಾಕೋಕಲ್ಲ. ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ವಾಪಸ್ ಹಾಕಿ ಬನ್ನಿ ಅಂದಾಕೆ ಲಕ್ಕಮ್ಮ. ಅವರ ಮಾತಿಗೆ ಎದುರಿದ್ದವರು ಉತ್ತರ ಕೊಡಬೇಕಿತ್ತು. ಕಟ್ಟಡ ದೊಡ್ಡದಾಗಿ ಏಳಲಿ, ಸಂತೋಷ. ಆ ಪದ್ಧತಿ ನಮ್ಮ ಪೆಂಡಾಲ್ ಸಭೆಗಳಿಗೂ ಬರಲಿ.

ಚಹಾ ಮುಗಿದಿತ್ತು. ಇದನ್ನೆಲ್ಲ ನನಗೆ ತಿಳಿದಷ್ಟು ಮಾಮಾಗೆ ಹೇಳಿದೆ. ಪೂರಾ ಕೇಳಿದರು. ಆಮೇಲೆ ಒಂದು ಪ್ರಶ್ನೆ ಹಾಕಿದೆ, "ಮಾಮಾ, ನಾಳೆ ಎಲ್ಲಾ ಸರಿಯಾಗಿ ತಿಳಿಸಿ, ತಜ್ಞರನ್ನ ಕೊಟ್ಟು, ಒಪ್ಪಿಗೆ ಕೇಳಿದರೆ ನೀವು ಹೌದು ಅಂತೀರಾ?"

ಮಾಮಾ ಹೆದ್ದಾರಿ ಕಡೆ ನೋಡಿದರು. "ಬ್ಯಾಡ ಅಂತೀನಿ ಅನಸ್ತದ ಅಳ್ಯಾ. ಆದ್ರ ಅವ್ರು ಹೇಳಿದ್ದು ಪೂರಾ ಕೇಳಿನೇ ಬ್ಯಾಡ ಅಂತೀನಿ. ಈಗ ಹಾಂಗಲ್ಲ, ಕೇಳೋಕಿಂತ ಮೊದಲೇ ಅಂಜಿಕಿ ಬರ್ತದ."